ಸದ್ದು ನಿಂತಾಗ ಕೈ ಎತ್ತಬಾರದು

ಕಬನೂರಿನ ಮಗ್ಗದ ಶೆಡ್ಡಿನ್ಯಾಗ ನನ್ನ ಅರ್ಧ ಆಯುಷ್ಯ ಹೋಗೇತಿ. ಅಲ್ಲಿ ಮಗ್ಗ ತಾನ ನಿಂತ್ರ ಎಳಿ ಹರದೇತಿ ಅಂತ ಅರ್ಥ. ಕಣ್ಣ ನೋಡೂದಕ್ಕಿಂತ ಮೊದಲ ಕೈ ಹೋಗಿ ಗಂಟ ಹಾಕತೈತಿ. ಇದೇ ಚಾಳಿ ಕೊಲ್ಹಾಪುರದ ದವಾಖಾನ್ಯಾಗ ನನ್ನ ಮರ್ಯಾದಿ ಕಳೀತು ನೋಡ್ರಿ.

ಗಂಟಲ ಕ್ಯಾನ್ಸರಿಗೆ ರೇಡಿಯೇಶನ್ ಶುರು ಆಗಿತ್ತು. ನಮ್ಮ ಮಂದಿ ಕರೆಂಟ ಕೊಡೂದು ಅಂತಾರ. ದಿನಾ ಮಾರಿ ಮ್ಯಾಲ ಜಾಳಗಿಯಂಥ ಪ್ಲಾಸ್ಟಿಕ್ ಮಾಸ್ಕ ಒತ್ತಿ, ಟೇಬಲ್ಲಿಗೆ ಖಟ್ ಖಟ್ ಅಂತ ಸಿಗಸ್ತಿದ್ರು. ಬಾಯಿ ತೆರಿಯಾಕ ಬರಂಗಿಲ್ಲ, ಅತ್ರ ಕಣ್ಣೀರ ಒರಸಾಕ ಬರಂಗಿಲ್ಲ. ಬಾಗಲಾ ಹಾಕಿ ಎಲ್ಲಾರೂ ಹೊರಗ ಹೋಗತಿದ್ರು. ಜೀವಂತ ಹೂಳಿದಂಗ ಆಗತಿತ್ತು. ಒಂದಿನ ಮಶಿನ್ ಗುಂಯ್ ಅನ್ನೂದು ನಡುವ ನಿಂತಿತು. ನನ್ನ ಕೈ ತಾನ ಮ್ಯಾಲೆದ್ದು ಎಳಿ ಹುಡಕಿತು! "ಮಾವಶೀ, ಹಲೂ ನಕಾ!" ಅಲುಗಾಡಬ್ಯಾಡ ಅಂತ ಸ್ಪೀಕರಿನ್ಯಾಗ ಒದರಾಟ. ಮತ್ತ ಮೊದಲಿಂದ ಅಳತಿ ನೋಡೂದು, ಮತ್ತ ಅದೇ ಖಟ್ ಖಟ್.

ಮನಿಗೆ ಬಂದು ಮಗಳಿಗೆ ಅಂದೆ, "ಸಾಕವ್ವಾ. ಅಂಬಲಿ ಸೈತ ಗಂಟಲದಾಗ ಇಳಿವಲ್ದು. ಎಲ್ಲಾ ಒಮ್ಮೆಲೆ ಕೊಟ್ಟು ಮುಗಸ್ರಿ ಅನ್ನು. ಇಲ್ಲಂದ್ರ ನಾ ಗಡಹಿಂಗ್ಲಜಕ್ಕ, ತವರಿಗೆ ಹೊಂಟೆ."

"ಅರ್ಧಕ್ಕ ಬಿಟ್ರ ಸಾಯ್ತಿ ಅವ್ವಾ," ಅಂದ್ಲು.

ಅಕಿ ಒಂದು ಲ್ಯಾಬಿನ್ಯಾಗ ಇಲಿ ಜಾತಿ ಪ್ರಾಣಿಯ ಜೀವಕೋಶ ಬಟ್ಟಲದಾಗ ಬೆಳಸ್ತಾಳ. ಮೊಬೈಲಿನ್ಯಾಗ ಎರಡು ಬಟ್ಟಲ ತೋರಿಸಿದ್ಲು. ಎರಡಕ್ಕೂ ಕರೆಂಟ ಸಮಾನ. ಒಂದಕ್ಕ ಒಮ್ಮೆಲೆ ಕೊಟ್ಟಿದ್ರು. ಅಲ್ಲೊಂದು ಇಲ್ಲೊಂದು ಚುಕ್ಕಿ. ಇನ್ನೊಂದಕ್ಕ ಅರ್ಧ ಕೊಟ್ಟು, ಕೆಲವು ತಾಸು ಬಿಟ್ಟು, ಆಮ್ಯಾಲ ಉಳದರ್ಧ. ಅದರಾಗ ಭಾಳ ಚುಕ್ಕಿ. ಒಂದೊಂದು ಚುಕ್ಕಿ ಅಂದ್ರ ಬದುಕಿ ಉಳದ ಒಂದು ಕೋಶದ ಸಂಸಾರ ಅಂತ.

"ನಡುವ ಏನ ಮಾಡತಾವ?"

"ಬೆಳಿಯೂದು ನಿಲ್ಲಿಸಿ, ಒಳಗ ಹರದ ಎಳಿ ಜೋಡಿಸ್ಕೊಂತಾವ. ನಿನ್ನ ಚೊಲೊ ಕೋಶಕ್ಕೂ ಆ ಪುರಸೊತ್ತು ಬೇಕು. ಅದಕ್ಕ ದಿನಾ ಸ್ವಲ್ಪ ಸ್ವಲ್ಪ ಕೊಡತಾರ."

"ಕ್ಯಾನ್ಸರಿನ ಕೋಶಾನೂ ಜೋಡಿಸ್ಕೊಂಡ್ರ?"

ಅಕಿ ಮೊಬೈಲ ಕೆಳಗಿಟ್ಟು ಅಂದ್ಲು, "ಅವಕ್ಕೂ ಬರತೈತಿ ಅವ್ವಾ. ಆದ್ರ ಹೆಚ್ಚಾಗಿ ಚೊಲೊ ಕೋಶಕ್ಕ ಬಂದಷ್ಟು ಬರೂದಿಲ್ಲ." ಅಕಿ ಕಣ್ಣಾಗ ನೀರಿತ್ತು. ಹಾಳಾದ ಹುಡುಗಿ, ಸುಳ್ಳರ ಹೇಳಬಾರದಾ ಅಂತ ಸಿಟ್ಟು ಬಂತು ನನಗ.

ಮರುದಿನ ಹೋದೆ. ಖಟ್ ಖಟ್. ಅದೇ ಉಸಿರ ಕಟ್ಟೂದು, ಅದೇ ಅಂಜಿಕಿ. ನಡುವ ಸದ್ದು ನಿಂತಿತು. ಕೈ ಏಳಾಕ ಹೊಂಟಿತು. ಸೀರಿ ನಿರಿಗಿ ಗಟ್ಟಿ ಹಿಡಕೊಂಡೆ.

ಇದೊಂದು ಮುಗೀಲಿ, ಮನಿಗೆ ಹೋದ ಮ್ಯಾಲ ನಿಮ್ಮ ಗಂಟ ನೀವ ಹಾಕ್ಕೋರಿ ಅಂತ ಮನಸಿನ್ಯಾಗ ಒಳಗಿನ ಚೊಲೊ ಕೋಶಕ್ಕ ಹೇಳಿದೆ. ಅಲ್ಲೀತನಕ ನಾ ಇಲ್ಲೇ ಬಿದ್ದಿರತೇನಿ.