ಕಸರತ್ತು ಓದಿದವನು ಕಲ್ಲೆತ್ತಿದಾಗ

ಪೆರಿಯಕುಳಂ ಸಂತೆಯಿಂದ ಕಂಬಂ ಕಡೆಗೆ ಮಾವನ ಖಾಲಿ ಗಾಡಿ ಹೊಡ್ಕೊಂಡು ಬರ್ತಿದ್ದೆ. ಮದರಾಸಿನಿಂದ ರಜಕ್ಕೆ ಬಂದ ಪಕ್ಕದೂರಿನ, ಕನ್ನಡ ಮಾತಾಡೋ ನಮ್ಮ ಜನದವನೇ ಒಬ್ಬ ದಾರೀಲಿ ಹತ್ತಿಕೊಂಡ. "ಏನು ಓದ್ತೀರಣ್ಣಾ?" ಅಂದೆ.

"ಕಸರತ್ತು. ಕಾಲೇಜಲ್ಲಿ ಅದಕ್ಕೂ ಪಾಠ ಇದೆ, ಪರೀಕ್ಷೆ ಇದೆ."

ಹಗ್ಗ ಕೈಯಿಂದ ಜಾರಿತು. ನಮ್ಮ ಮೇಷ್ಟ್ರು ಬಸ್ಕಿ ಹೊಡೆಸ್ತಿದ್ದದ್ದು ಪಾಠ ಬರದವರಿಗೆ. ಇವನು ಬಸ್ಕಿಯನ್ನೇ ಓದಿ ಪಾಸಾಗ್ತಾನಂತೆ!

ಇವನ ಮಾನ ಕಳೆಯೋಣ ಅಂತ, ಊರು ಮುಟ್ಟಿದ ಕೂಡಲೇ ಗಾಡಿ ನಿಲ್ಲಿಸಿ ನಮ್ಮೂರ ಚಾವಡಿ ಮುಂದಿನ ಗುಂಡುಕಲ್ಲು ತೋರಿಸಿದೆ. ಅದನ್ನ ಹೆಗಲಿಗೇರಿಸಿದವನಿಗೇ ನಮ್ಮಲ್ಲಿ ಹೆಣ್ಣು ಕೊಡೋದು. ನನ್ನ ಕೈಲಿ ಅದು ಮೊಣಕಾಲು ದಾಟಿದ್ದೇ ಇಲ್ಲ. ಮಾವನ ಮಗಳು ಚೆನ್ನಿ ಅದಕ್ಕೇ ಇನ್ನೂ ಕಾಯ್ತಿದ್ದಾಳೆ.

ಅಣ್ಣ ಅಂಗಿ ಕಳಚಿದ, ಮಂಡಿ ಬಗ್ಗಿಸಿದ, ಉಸಿರು ಹಿಡಿದು ಕಲ್ಲನ್ನ ಹೆಗಲಿಗೇರಿಸಿ ಬೆನ್ನ ಹಿಂದೆ ದಢ್ ಅಂತ ಬೀಳಿಸಿದ. ನೆಲ ನಡುಗಿತು, ನಾನೂ ನಡುಗಿದೆ.

ಚಾವಡಿಯಲ್ಲಿದ್ದ ಮಾವ ಎದ್ದು ಬಂದರು. "ಯಾರ ಮಗನಪ್ಪಾ ನೀನು? ನಮ್ಮ ಚೆನ್ನೀನ ಕೊಡ್ತೀನಿ, ಮಾಡ್ಕೋ."

ನಾನು ನಡುವೆ ನುಗ್ಗಿದೆ. "ಮಾವಾ, ಅವಳು ನನಗಲ್ವಾ?"

"ಕಲ್ಲನ್ನ ಕೇಳು ಹೋಗು."

ಅಣ್ಣ ನಕ್ಕ. "ನನಗೆ ಮದುವೆ ಆಗಿದೆ ಮಾವಾ. ರಜ ಮುಗಿಯೋದ್ರೊಳಗೆ ಇವನ ಕೈಲೇ ಎತ್ತಿಸ್ತೀನಿ."

"ಎತ್ತದೇ ಹೋದ್ರೆ?"

"ಬೇರೆ ಗಂಡು ನೋಡಿ."

ಅವತ್ತಿನಿಂದ ಅಣ್ಣ ದಿನಾ ಬೆಳಿಗ್ಗೆ ಬಸ್ಕಿ ಹೊಡೆಸಿ ನನ್ನ ಸೊಂಟ ಮುರೀತಿದ್ದಾನೆ. ನಿನ್ನೆ ನೀರಿಗೆ ಹೊರಟಿದ್ದ ಚೆನ್ನಿ ಪಕ್ಕದಲ್ಲಿ ನಿಂತು ಮೆಲ್ಲಗೆ ಅಂದಳು:

"ಬೇಗ ಎತ್ತು ಭಾವಾ. ಯಾರೂ ಇಲ್ಲದಾಗ ನಾನೂ ಎತ್ತಿ ನೋಡ್ದೆ, ಅಷ್ಟೇನೂ ಭಾರ ಇಲ್ಲ."

ಈ ಮಾತನ್ನ ದಯವಿಟ್ಟು ಮಾವನಿಗೆ ಯಾರೂ ಹೇಳಬೇಡಿ.