ಎರಡು ಬೆರಳಿನ ಇಳಿಜಾರು

ನನ್ನ ಸೋದರಮಾವ ಬಡಗಿ. ಐವತ್ತು ವರ್ಷದ ಕೆಲಸದಲ್ಲಿ ಒಂದೇ ಒಂದು ಸಾಮಾನನ್ನೂ ತಾವು ಬಳಸಿ ನೋಡದೆ ಗಿರಾಕಿಗೆ ಕೊಟ್ಟವರಲ್ಲ. ಕುರ್ಚಿ ಮಾಡಿದರೆ ಅದರಲ್ಲಿ ಕೂತು ಒಂದು ಹೊತ್ತಿನ ಊಟ ಮುಗಿಸಬೇಕು. ಮಂಚ ಮಾಡಿದರೆ ಮಧ್ಯಾಹ್ನ ಅದರ ಮೇಲೆ ಒಂದು ನಿದ್ದೆ ತೆಗೆಯಬೇಕು. ಶಾಲೆಯವರು ಇಪ್ಪತ್ತು ಬೆಂಚು ಮಾಡಿಸಿದಾಗ ಇಪ್ಪತ್ತರಲ್ಲೂ ಕೂತು ಪೇಪರ್ ಓದಿದರು. ಕೊನೆಯ ಬೆಂಚಿಗೆ ಬರುವಷ್ಟರಲ್ಲಿ ಜಾಹೀರಾತುಗಳೂ ಬಾಯಿಪಾಠವಾಗಿದ್ದವು. ತೊಟ್ಟಿಲು ಮಾಡಿದಾಗ ಮಾತ್ರ ಪೇಚಿಗೆ ಸಿಕ್ಕಿಕೊಂಡರು. "ನೀವು ಮಲಗಿಬಿಡಿ, ನಾನು ತೂಗ್ತೀನಿ" ಎಂದು ಅತ್ತೆ ಛೇಡಿಸಿದರು. ಮಾವ ಮುಖ ಗಂಟು ಹಾಕಿಕೊಂಡು ಹೋಗಿ ಪಕ್ಕದ ಮನೆಯ ಮಗುವನ್ನು ಎರವಲು ತಂದರು.

ಈ ಹಟದಿಂದ ಕೈತಪ್ಪಿದ ಗಿರಾಕಿಗಳಿಗೆ ಲೆಕ್ಕವಿಲ್ಲ. "ಕೂರೋದು ನಾನು ಕಣ್ರೀ, ನೀವಲ್ಲ" ಎಂದು ಒಬ್ಬ ವಕೀಲರು ಕೂಗಾಡಿದರು. "ಗೊತ್ತು. ಅದಕ್ಕೇ ನಾಳೆ ಬನ್ನಿ" ಎಂದರು ಮಾವ. ಮಾತು ಕಡಿಮೆ, ನಗು ಇನ್ನೂ ಕಡಿಮೆ, ಕಿವಿಯ ಮೇಲೊಂದು ಗಿಡ್ಡ ಪೆನ್ಸಿಲ್. ಮನೆಯ ಹಿಂದಿನ ತಗಡಿನ ಶೆಡ್ಡೇ ಅವರ ಲೋಕ. ಅಲ್ಲಿ ಅವರ ಜೊತೆ ಮೂವತ್ತು ವರ್ಷದಿಂದ ಇರುವವನು ಪಾಲಿಶ್ ಅಣ್ಣ. ಮರಕ್ಕೆ ಬಣ್ಣ ಬಳಿಯುವುದು ಅವನ ಕೆಲಸ. ಮಾವ ನಗದಿದ್ದದ್ದನ್ನೆಲ್ಲ ಸೇರಿಸಿ ಇಬ್ಬರ ಪಾಲಿನ ನಗು ನಗುವುದು ಅವನ ಸ್ವಭಾವ.

ಆ ಮನೆಗೆ ಕೋಳ ತಂದವಳು ನಾನೇ. ಊರಿನ ಮ್ಯೂಸಿಯಂನಲ್ಲಿ ನಾನು ಫಲಕ ಬರೆಯುವವಳು. ಗಾಜಿನ ಪೆಟ್ಟಿಗೆಯೊಳಗಿನ ವಸ್ತು ಯಾವುದು, ಯಾವ ಕಾಲದ್ದು, ಯಾತಕ್ಕೆ ಬಳಸುತ್ತಿದ್ದರು ಎಂದು ಐವತ್ತು ಪದದಲ್ಲಿ ಹೇಳಬೇಕು. ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆಯ ಕೆಲಸ. ನಿರ್ದೇಶಕರ ಮುಖ ನೋಡಿಕೊಂಡು ಬಾಳಬೇಕು. ನಮ್ಮಲ್ಲಿ ಒಂದು ಹಳೆಯ ಮರದ ಕೋಳವಿತ್ತು. ತಪ್ಪು ಮಾಡಿದವರನ್ನು ಒಂದು ಪೀಠದ ಮೇಲೆ ಕೂರಿಸಿ, ಮುಂದಿನ ಜೋಡಿ ಹಲಗೆಯ ತೂತುಗಳಲ್ಲಿ ಮುಂಗೈಗಳನ್ನು ಸಿಕ್ಕಿಸಿ, ಮೇಲಿನ ಹಲಗೆ ಇಳಿಸಿ ಹೊರಗಿನಿಂದ ಗೂಟ ಜಡಿಯುವುದು. ಅದನ್ನು ಪೇಟೆಯ ನಡುವೆ ಇಡುತ್ತಿದ್ದರು. ಕಚೇರಿಯ ಹಳೆಯ ದಾಖಲೆಯಲ್ಲಿ ಒಂದು ಸಾಲಿದೆ: ಎಣ್ಣೆ ಕಡಿಮೆ ಅಳೆದು ಮಾರಿದ ಹೆಂಗಸು ಸಂಜೆಯವರೆಗೆ ಕೂತಳು, ಹವೆ ಹಿತವಾಗಿತ್ತು, ಜನ ಬಹಳ, ಮಕ್ಕಳನ್ನು ಮುಂದಕ್ಕೆ ಬಿಟ್ಟರು. ಹವೆಯ ವಿಷಯವನ್ನು ಬರೆದ ಆ ಗುಮಾಸ್ತನ ಮೇಲೆ ನನಗೆ ಈಗ ಸಿಟ್ಟು ಬರುತ್ತದೆ. ಆಗ ಬಂದಿರಲಿಲ್ಲ. "ಟೀವಿ ಇಲ್ಲದ ಕಾಲದ ಮನರಂಜನೆ!" ಎಂದು ಫಲಕಕ್ಕೆ ತಲೆಬರಹ ಕೊಟ್ಟಿದ್ದೆ. ನಿರ್ದೇಶಕರು ಭೇಷ್ ಎಂದಿದ್ದರು.

ಅವರಿಗೆ ಒಂದು ಹೊಸ ಯೋಚನೆ ಹೊಳೆಯಿತು. ಹಳೆಯ ಕೋಳ ಹುಳು ಹಿಡಿದಿದೆ. ಥೇಟ್ ಅದರಂಥದ್ದೇ ಇನ್ನೊಂದು ಮಾಡಿಸಿ ಹೊರಗಿನ ಹೊಸ ಹಾಲ್‌ನಲ್ಲಿಡೋಣ, ಬಂದವರು ಕೂತು ಫೋಟೋ ತೆಗೆಸಿಕೊಳ್ಳಲಿ, ಜೊತೆಯವರು ಎಸೆಯಲು ಒಂದು ಬುಟ್ಟಿ ಸ್ಪಂಜಿನ ಚೆಂಡು ಇಡೋಣ. "ನಿಮ್ಮ ಮಾವ ಬಡಗಿ ಅಲ್ವಾ?" ಎಂದು ಕೇಳಿದರು. ನಾನು ಎರಡು ಅಡಿ ಉಬ್ಬಿದೆ.

ಮಾವ ಬಂದು ಹಳೆಯ ಕೋಳದ ಅಳತೆ ತೆಗೆದುಕೊಂಡರು. ಪೀಠದ ಮೇಲೆ ರಸಮಟ್ಟ ಇಟ್ಟು ನೋಡಿದರೆ ಅದರೊಳಗಿನ ಗುಳ್ಳೆ ಒಂದು ಕಡೆ ಸರಿಯಿತು. "ಪೀಠ ಹಿಂದಕ್ಕೆ ಇಳಿದಿದೆ, ಎರಡು ಬೆರಳಷ್ಟು. ವಯಸ್ಸಾಗಿ ಕುಸಿದಿರಬೇಕು. ಸರಿ ಮಾಡಿಬಿಡ್ಲಾ?" ಎಂದು ಕೇಳಿದರು. ನಿರ್ದೇಶಕರು, "ಬೇಡ ಯಜಮಾನ್ರೇ, ಒಂದು ಕೂದಲೆಳೆಯೂ ಆಚೀಚೆ ಆಗಬಾರದು" ಎಂದರು. ಮಾವ ಹಾಗೆಯೇ ಮಾಡಿದರು.

ಭಾನುವಾರ ಮಧ್ಯಾಹ್ನ ಕೋಳ ಸಿದ್ಧವಾಯಿತು. ಬಳಸಿ ನೋಡದೆ ಕೊಡುವ ಹಾಗಿಲ್ಲವಲ್ಲ! ಮಾವ ತಾವೇ ಪೀಠದ ಮೇಲೆ ಕೂತು ತೂತಿನಲ್ಲಿ ಮುಂಗೈ ಇಟ್ಟರು. ಪಾಲಿಶ್ ಅಣ್ಣ ಮೇಲಿನ ಹಲಗೆ ಇಳಿಸಿ ಗೂಟ ಜಡಿದ. ನಮಗೆ ಬೇರೆ ಹಬ್ಬ ಬೇಕಿರಲಿಲ್ಲ. "ಮೂವತ್ತೆಂಟು ವರ್ಷಕ್ಕೆ ಕೈಗೆ ಸಿಕ್ಕಿದ್ರಿ ನೋಡಿ" ಎಂದು ಅತ್ತೆ ಟೀ ಲೋಟವನ್ನು ಅವರ ಮೂಗಿನವರೆಗೆ ಒಯ್ದು, ತಿರುಗಿಸಿ ತಾವೇ ಕುಡಿದರು. ಪಾಲಿಶ್ ಅಣ್ಣ ಬ್ರಷ್ಷಿನಿಂದ ಅವರ ಅಂಗಾಲಿಗೆ ಕಚಗುಳಿ ಇಟ್ಟ. ನಾನು ಫೋನು ಹಿಡಿದು ಫೋಟೋ ತೆಗೆದದ್ದೇ ತೆಗೆದದ್ದು. ಮೊದಮೊದಲು ಮಾವನೂ ನಕ್ಕರು. ಅವರು ನಗುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಸಾಕು, ತೆಗೀರಿ" ಎಂದರು.

"ಎಲ್ಲಿ ಸಾಕು? ಇನ್ನೂ ಊಟ ಆಗಿಲ್ವಲ್ಲ ಯಜಮಾನ್ರೇ, ನಿಮ್ಮದೇ ನಿಯಮ" ಎಂದ ಪಾಲಿಶ್ ಅಣ್ಣ.

"ಸಾಕು ಕಣಯ್ಯ, ಕೈ ಎಳೀತಿದೆ."

"ಅಯ್ಯೋ, ನಾಟಕ ನೋಡು" ಎಂದರು ಅತ್ತೆ.

ಮಾವ ಮತ್ತೊಮ್ಮೆ ಸಾಕು ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಪುಟ್ಟೀ, ಸಾಕು. ನೀನಾದ್ರೂ ತೆಗಿಯಮ್ಮ."

"ಒಂದೇ ಒಂದು ಮಾವ. ಮುಖ ಹಾಗೇ ಇಟ್ಕೊಳ್ಳಿ" ಎಂದೆ.

ಹೌದು, ಹಾಗೆಯೇ ಹೇಳಿದೆ. ಇನ್ನೊಮ್ಮೆ ಬಹಳ ಮೆಲ್ಲಗೆ ಸಾಕು ಎಂದು ಮಾವ ಬಾಯಿ ಮುಚ್ಚಿಬಿಟ್ಟರು. ಹಣೆಯ ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈಯಿಲ್ಲ. ಮೂಗು ಸೋರಿತು. ಅದನ್ನು ನೋಡಿ ಪಾಲಿಶ್ ಅಣ್ಣ ಮತ್ತೆ ನಕ್ಕ, ನಾನೂ ನಕ್ಕೆ. ಅತ್ತೆಯ ನಗು ಅರ್ಧಕ್ಕೆ ನಿಂತಿತು. ಲೋಟ ಅಲ್ಲೇ ಎಸೆದು ಬಂದು ಎರಡೂ ಕೈಯಿಂದ ಗೂಟ ಕಿತ್ತರು. ಫೋಟೋಗಳ ಸಮಯ ನೋಡಿ ಆಮೇಲೆ ಲೆಕ್ಕ ಹಾಕಿದೆ: ಮಾವ ಹನ್ನೊಂದು ನಿಮಿಷ ಕೂತಿದ್ದರು.

ಮುಖ ತೊಳೆದುಕೊಂಡು ಬಂದು ಸ್ಟೂಲಿನ ಮೇಲೆ ಕೂತರು. ಮುಂಗೈಗಳ ಸುತ್ತ ಕೆಂಪು ಬಳೆ ಬಿದ್ದಿತ್ತು. ಬೈಯುತ್ತಾರೆ ಎಂದು ನಾವು ಮೂವರೂ ತಲೆ ತಗ್ಗಿಸಿದ್ದೆವು. ಬೈಯಲಿಲ್ಲ. "ನಾನು ಎಷ್ಟು ಸಲ ಸಾಕು ಅಂದೆ?" ಎಂದು ಕೇಳಿದರು.

"ಐದು ಸಲ" ಎಂದೆ.

"ಕೇಳಿಸ್ತಾ ಇತ್ತಾ ಹಾಗಾದ್ರೆ?"

ಕೇಳಿಸುತ್ತಿತ್ತು. ಚೆನ್ನಾಗಿಯೇ ಕೇಳಿಸುತ್ತಿತ್ತು. ಮೊದಲ ಸಲಕ್ಕಿಂತ ಮೂರನೇ ಸಲಕ್ಕೆ ಹೆಚ್ಚು ಮಜಾ ಬಂದಿತ್ತು, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಆಗ ನನಗಿರಲಿಲ್ಲ. ಕಾಲೇಜಿನಲ್ಲಿ ಸ್ಯಾಡಿಸಂ ಎಂಬ ಪದ ಕಲಿತಿದ್ದೆ. ಹಿಂದಿನ ಕಾಲದ ಒಬ್ಬ ಸಿರಿವಂತ ಬರಹಗಾರನ ಹೆಸರಿನಿಂದ ಹುಟ್ಟಿದ್ದು. ಇನ್ನೊಬ್ಬರ ನೋವಿನಲ್ಲಿ ಸುಖ ಕಾಣುವುದು ಎಂದರ್ಥ. ಐದು ಅಂಕದ ಪ್ರಶ್ನೆಗೆ ಬರೆದು ನಾಲ್ಕೂವರೆ ಗಿಟ್ಟಿಸಿದ್ದೆ. ಸೆರೆಯಾಳುಗಳನ್ನು ಮೃಗಗಳ ಬಾಯಿಗೆ ಬಿಟ್ಟು ಚಪ್ಪಾಳೆ ತಟ್ಟಿದ ದೊರೆಗಳು, ಗಲ್ಲು ನೋಡಲು ಬುತ್ತಿ ಕಟ್ಟಿಕೊಂಡು ಹೋದ ಜನ, ಹೀಗೆ ಉದಾಹರಣೆ ಕೊಟ್ಟಿದ್ದೆ. ನಮ್ಮಲ್ಲೇ ವಿಘ್ನಸಂತೋಷಿ ಎಂಬ ಸೊಗಸಾದ ಪದವಿದೆ, ಅದನ್ನು ಪಕ್ಕದ ಬೀದಿಯವರಿಗೆ ಬಳಸುತ್ತಿದ್ದೆ. ಟೀ ಲೋಟ ಹಿಡಿದ ನಮ್ಮತ್ತೆಗೆ, ಫೋನು ಹಿಡಿದ ನನಗೆ ಆ ಪದ ಅಂಟಬಹುದು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅಂಟಿತು. ನಾಚಿಕೆಯಿಂದ ಅವತ್ತು ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಮ್ಯೂಸಿಯಂ ಬಾಗಿಲು ತೆಗೆಯುವ ಮೊದಲೇ ಮಾವ ಅಲ್ಲಿ ನಿಂತಿದ್ದರು. ಹಳೆಯ ಪೀಠದ ಕೆಳಗೆ ಟಾರ್ಚು ಬಿಟ್ಟುಕೊಂಡು ಮಲಗಿ ನೋಡಿದರು. ಎದ್ದವರ ಮುಖ ಬಿಗಿದಿತ್ತು.

"ಪುಟ್ಟೀ, ಇದು ವಯಸ್ಸಾಗಿ ಇಳಿದಿದ್ದಲ್ಲ. ಹಿಂದಿನ ಎರಡು ಕಾಲನ್ನ ಗರಗಸದಲ್ಲಿ ಕೊಯ್ದು ಗಿಡ್ಡ ಮಾಡಿದಾರೆ. ಅಳತೆ ಹಾಕಿ ಕೊಯ್ದಿದಾರೆ. ಕೂತವರು ಹಿಂದಕ್ಕೆ ಜಾರ್ತಾರೆ, ಮೈಭಾರ ಎಲ್ಲ ಮುಂಗೈ ಮೇಲೆ ಬೀಳುತ್ತೆ. ಕಾಲು ಊರೋಣ ಅಂದ್ರೆ ನೆಲಕ್ಕೆ ಬೆರಳ ತುದಿ ಮಾತ್ರ ತಾಗೋದು."

"ಶಿಕ್ಷೆ ಅಲ್ವಾ ಮಾವ?"

"ಶಿಕ್ಷೆಗೆ ಬೇಕಾಗಿದ್ದು ಗೂಟ. ಅವರನ್ನ ಅಲ್ಲಿ ಕೂರಿಸಿದ್ರೆ ಸಾಕಿತ್ತು. ಈ ಎರಡು ಬೆರಳು ಯಾರಿಗೆ ಬೇಕಾಗಿತ್ತು?"

ಅವರೇ ಮುಂದುವರಿಸಿದರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. "ನನಗೆ ಕೆಲಸ ಕಲಿಸಿದ ಮೇಸ್ತ್ರಿ ತಪ್ಪಾದ್ರೆ ಅಳತೆಪಟ್ಟಿಯಿಂದ ಬೆರಳ ಗೆಣ್ಣಿಗೆ ಹೊಡೀತಿದ್ದ. ಹೊಡೀಲಿ, ಕೋಪ ಅಂದ್ಕೊಳ್ತಿದ್ದೆ. ಆದ್ರೆ ಹೊಡೆಯೋಕೆ ಮೊದಲು ಪಟ್ಟೀನ ಗಾಳೀಲಿ ಎರಡು ಸಲ ಬೀಸ್ತಿದ್ದ, ನನ್ನ ಕಣ್ಣನ್ನೇ ನೋಡ್ತಾ. ಆ ಎರಡು ಬೀಸು ಕೋಪ ಅಲ್ಲ. ಅದು ಅವನ ಊಟ. ಈ ಪೀಠ ಮಾಡಿದವನೂ ಅಂಥವನೇ. ಅವನ ಕೆಲಸಾನ ನಾನು ಕೂದಲೆಳೆ ತಪ್ಪದ ಹಾಗೆ ಮಾಡಿಟ್ಟಿದೀನಿ. ಗೂಟ ಇರೋವರೆಗೆ ಅದು ನನ್ನ ಶೆಡ್ಡಿಂದ ಹೊರಗೆ ಹೋಗಲ್ಲ."

ಮಾವ ಒಮ್ಮೆ ಹೋಗಲ್ಲ ಎಂದರೆ ಮುಗಿಯಿತು.

ನಿರ್ದೇಶಕರು ಬುಧವಾರ ಶೆಡ್ಡಿಗೇ ಬಂದರು. ಕೆಟ್ಟವರಲ್ಲ. ಸಿಬ್ಬಂದಿಯ ಮಕ್ಕಳ ಹೆಸರೆಲ್ಲ ನೆನಪಿಟ್ಟುಕೊಳ್ಳುವ ಮನುಷ್ಯ. ಮಾವ ಹೇಳಿದ್ದನ್ನೆಲ್ಲ ಕೇಳಿ, "ಅಷ್ಟೇನಾ? ಎರಡು ನಿಮಿಷದ ತಮಾಷೆ ಯಜಮಾನ್ರೇ. ಜನ ನಗ್ತಾರೆ, ಹೋಗ್ತಾರೆ. ಹಾಲ್ ಉದ್ಘಾಟನೆಗೆ ಹತ್ತು ದಿನ ಇದೆ. ನೀವು ಕೊಡದಿದ್ರೆ ಬೇರೆಯವರ ಹತ್ರ ಮಾಡಿಸ್ತೀನಿ" ಎಂದರು.

"ಮಾಡಿಸಿ. ಇದು ಹೋಗಲ್ಲ" ಎಂದರು ಮಾವ.

ನಿರ್ದೇಶಕರು ನನ್ನ ಕಡೆ ತಿರುಗಿದರು. "ನೀವೇ ಹೇಳಿ ಇವರಿಗೆ. ಮುಂದಿನ ತಿಂಗಳು ನಿಮ್ಮ ನವೀಕರಣವೂ ಇದೆ."

ಮೆತ್ತಗೆ ಹೇಳಿದರು, ಆದರೆ ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಕೆಲಸ ಹೋದರೆ ಈ ಊರಿನಲ್ಲಿ ಫಲಕ ಬರೆಸುವ ಇನ್ನೊಂದು ಜಾಗವಿಲ್ಲ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಭಾನುವಾರದ ಐದು ಸಾಕುಗಳು ನನ್ನ ಕಿವಿಯಲ್ಲಿ ಇನ್ನೂ ಇದ್ದವು. ನಾನು ಹೋಗಿ ಪೀಠದ ಮೇಲೆ ಕೂತೆ.

"ಸರ್, ನಾನು ಕೂರ್ತೀನಿ. ಗೂಟ ನೀವೇ ಹಾಕಿ. ಸಾಕು ಅಂದಾಗ ತೆಗೀರಿ. ಆಮೇಲೆ ನೀವು ಹೇಳಿದ ಹಾಗೆ."

ಅವರು ನಕ್ಕು ಗೂಟ ಜಡಿದರು. ಮೊದಲ ನಿಮಿಷ ಏನೂ ಇಲ್ಲ. ಎರಡನೇ ನಿಮಿಷಕ್ಕೆ ಮೈ ಹಿಂದಕ್ಕೆ ಜಾರತೊಡಗಿತು. ಬೆರಳ ತುದಿಯಲ್ಲಿ ನೆಲವನ್ನು ಎಷ್ಟು ತಡಕಿದರೂ ಹಿಡಿತ ಸಿಗಲಿಲ್ಲ. ಹಲಗೆಯ ಅಂಚು ಮುಂಗೈಯ ಮೂಳೆಗೆ ಒತ್ತುತ್ತಾ ಬಂತು. ನಾಲ್ಕನೆಯ ನಿಮಿಷಕ್ಕೆ ನನ್ನ ತೋಳುಗಳು ನಡುಗುತ್ತಿದ್ದವು. ಹನ್ನೊಂದು ನಿಮಿಷ ಕೂರಲೇಬೇಕು ಎಂದು ಹಲ್ಲು ಕಚ್ಚಿದ್ದೆ. ಆರಕ್ಕೆ ಸೋತೆ.

"ಸಾಕು ಸರ್."

ನಿರ್ದೇಶಕರ ಮುಖದಲ್ಲಿ ಮುಗುಳ್ನಗೆ ಮೂಡಿತು. ಅವರ ಕೈ ಗೂಟದ ಕಡೆ ಹೋಗಲಿಲ್ಲ, ಜೇಬಿಗೆ ಹೋಯಿತು. ಫೋನು ತೆಗೆದು ನನ್ನ ಮುಖದ ನೇರಕ್ಕೆ ಹಿಡಿದರು. ಅಷ್ಟರಲ್ಲಿ ಠಕ್ ಎಂದು ಗೂಟ ನೆಲಕ್ಕೆ ಬಿತ್ತು. ಮಾವ ಕಿತ್ತಿದ್ದರು. ನಾನು ಸರ್ ಎಂದ ಮಾತು ಮುಗಿಯುವ ಮೊದಲೇ ಅವರು ಗೂಟಕ್ಕೆ ಕೈ ಹಾಕಿದ್ದರು.

ನಿರ್ದೇಶಕರು ತಮ್ಮ ಕೈಯಲ್ಲಿದ್ದ ಫೋನನ್ನು ನೋಡಿಕೊಂಡರು. ಅವರ ಕಿವಿ ಕೆಂಪಗಾಯಿತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಯಾವ ಮುಖದಲ್ಲಿ ಬರಬೇಕು? ಫೋನನ್ನು ಜೇಬಿಗೆ ತುರುಕಿ, "ಗೂಟ ಬೇಡ. ಮೇಲಿನ ಹಲಗೇನೂ ಬೇಡ. ಪೀಠ ಇರಲಿ, ಯಾಕೆ ಇಳಿಜಾರಿದೆ ಅಂತ ಇವರು ಬರೀಲಿ" ಎಂದು ಹೇಳಿ, ಚಪ್ಪಲಿ ಸರಿಯಾಗಿ ಮೆಟ್ಟದೆ ಹೊರಟುಹೋದರು.

ಅತ್ತೆ ಒದ್ದೆ ಬಟ್ಟೆ ತಂದು ನನ್ನ ಮುಂಗೈಗೆ ಸುತ್ತಿದರು. ಪಾಲಿಶ್ ಅಣ್ಣ ಕೋಳದ ಮೇಲಿನ ಹಲಗೆ ಕಳಚತೊಡಗಿದ. ಗೆದ್ದ ಹುರುಪು ನನಗೆ.

"ಮಾವ, ಅವರ ಮುಖ ನೋಡಿದ್ರಾ? ಫೋನು ತೆಗೆದಾಗ?"

"ಇಲ್ಲ" ಎಂದರು ಮಾವ.

"ಪಕ್ಕದಲ್ಲೇ ಇದ್ರಲ್ಲ!"

"ನಾನು ಅವರನ್ನ ಯಾಕೆ ನೋಡ್ಲಿ? ಕೂತಿದ್ದು ನೀನು. ನಿನ್ನನ್ನೇ ನೋಡ್ತಾ ಇದ್ದೆ" ಎಂದು ಹೇಳಿ, ನನ್ನ ಕೈಯ ಬಟ್ಟೆ ಬಿಗಿಯಾಯಿತೇನೋ ಎಂದು ಬಿಚ್ಚಿ ಮತ್ತೆ ಸಡಿಲವಾಗಿ ಕಟ್ಟಿದರು.