ಅಜ್ಜಂಪುರದ ತೊಟ್ಟಿಲು

ಆ ಮಧ್ಯಾಹ್ನದ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ರಜೆ ಸಿಕ್ಕಾಗ ಮನೆಗೆಂದು ಹಳೇ ಸಾಮಾನು ಹುಡುಕಿಕೊಂಡು ಊರೂರು ಅಲೆಯುವುದು ನನಗೂ ಹೆಂಡತಿ ಸುಮಾಳಿಗೂ ಖುಷಿ. ಅಜ್ಜಂಪುರದ ಅಂಗಡಿಯೊಂದರಲ್ಲಿ, ಜಂತೆಗೆ ನೇತುಹಾಕಿದ್ದ ಮರದ ತೊಟ್ಟಿಲು ಕಂಡು ಅವಳು ನಿಂತುಬಿಟ್ಟಳು. ಅರಗಿನ ಕೆಂಪು ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿತ್ತು.

"ಕೂಸಿಗೆ ಎಷ್ಟು ತಿಂಗಳು ಸಾರ್?" ಎಂದರು ಅಂಗಡಿಯ ಸಾಬರು.

ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಿಲ್ಲ. "ಪುಸ್ತಕ ಇಡೋಕೆ" ಎಂದೆ.

ಪಕ್ಕದಲ್ಲಿ ತಾಮ್ರದ ಹಂಡೆಯನ್ನು ತಟ್ಟಿ ನೋಡುತ್ತಿದ್ದ ಯಗಟಿ ಊರಿನ ಅಜ್ಜಿಯೊಬ್ಬರು ತಿರುಗಿದರು. "ಪುಸ್ತಕ ಏನ್ ಅಳ್ತವೇನಪ್ಪಾ?" ಎಂದವರು ಸುಮಾಳತ್ತ ನೋಡಿದರು. "ಬರೀ ತೊಟ್ಲು ಮನೆಗೆ ತಗೊಂಡೋಗ್ಬಾರ್ದು ಕಣವ್ವ." ಮೂಲೆಯಲ್ಲಿದ್ದ ಒರಳಿನ ಗುಂಡುಕಲ್ಲನ್ನು ತಂದು ತೊಟ್ಟಿಲಲ್ಲಿ ಮಲಗಿಸಿದರು. "ನಾಮಕರಣದಲ್ಲೂ ಮೊದ್ಲು ಕಲ್ಲು ತೂಗ್ತಾರೆ, ಆಮೇಲೆ ಕೂಸು."

"ಕಲ್ಲಿಗೂ ಗಿರಾಕಿ ಹುಡುಕ್ಬಿಟ್ಟೆ ಕಣಜ್ಜಿ!" ಸಾಬರು ನಕ್ಕರು.

ಇದೆಲ್ಲ ಮೂಢನಂಬಿಕೆ ಎಂದೆ, ಇಲ್ಲವೇ ಎನ್ನಬೇಕೆಂದುಕೊಂಡೆ. ಸುಮಾ ತನ್ನ ದುಪಟ್ಟಾವನ್ನು ಕಲ್ಲಿಗೆ ಹೊದಿಸಿ, ತೊಟ್ಟಿಲು ತೂಗುತ್ತಿರುವಾಗ ಫೋನಿನಲ್ಲಿ ಫೋಟೋ ತೆಗೆದಳು. ತೊಟ್ಟಿಲು ತೂಗಿದವರು ಆ ಅಜ್ಜಿಯೇ ಎಂದು ವಾಪಸು ಬರುವ ದಾರಿಯುದ್ದಕ್ಕೂ ಅವಳೊಂದಿಗೆ ವಾದಿಸಿದೆ.

ಮನೆಗೆ ಬಂದ ಮೇಲೆ ಆ ಫೋಟೋ ನೋಡಿದೆ. ಹಗ್ಗ ಹಿಡಿದು ತೂಗುತ್ತಿರುವ ಕೈ ನನ್ನದೇ.